ತಾನೇ ಹತ್ತಿದ ದೀಪ

ಹೊಲಿಗೆ ಯಂತ್ರದ ಬಿಡಿಭಾಗ ಮಾರುವ ಆ ಅಂಗಡಿಯ ವೆಬ್‌ಸೈಟಿನಲ್ಲಿ, ಮೇಲೆ ಬಲತುದಿಗೆ, ಮೆಣಸಿನ ಕಾಳಿನಷ್ಟು ದೊಡ್ಡದೊಂದು ಹಸಿರು ದೀಪ ಇತ್ತು. ಪಕ್ಕದಲ್ಲಿ ‘ಅಂಗಡಿ ತೆರೆದಿದೆ’ ಎಂಬ ಎರಡು ಪದ. ದೀಪ ಆರಿದಾಗ ಆ ಜಾಗ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಸೂಜಿ, ಬೆಲ್ಟು, ದಾರ ಸುತ್ತುವ ಬಾಬಿನ್ ಹುಡುಕಿಕೊಂಡು ಬಂದ ಗಿರಾಕಿಗಳಲ್ಲಿ ಅದನ್ನು ಗಮನಿಸುವವರು ಕಡಿಮೆ. ಗಲ್ಲಾದಲ್ಲಿ ಕೂತ ಹೆಂಗಸಿಗೆ ಮಾತ್ರ ಅದು ಹತ್ತುವವರೆಗೆ ಬೆಳಗಾಗುತ್ತಿರಲಿಲ್ಲ.

ಸೈಟ್ ಕಟ್ಟಿದವನು ಅವಳ ಗಂಡ. ಬಟ್ಟೆ ಹೊಲಿಯುವವರೆಲ್ಲ ಅವನನ್ನು ಬಾಬಿನ್ ಅಣ್ಣ ಎಂದು ಕರೆಯುತ್ತಿದ್ದರು. ಹತ್ತು ವರ್ಷದ ಹಿಂದೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ತಂದು, ಸಂಜೆ ಹೊತ್ತು ಗಿರಾಕಿ ಇಲ್ಲದಾಗ ಓದಿ ಓದಿ ಸೈಟನ್ನು ತಾನೇ ಕಟ್ಟಿದ್ದ. ಬೆಳಗ್ಗೆ ಶಟರ್ ಎತ್ತಿದ ಮೇಲೆ ಸೈಟಿನ ಮೊದಲ ಪುಟದಲ್ಲಿ ಅಂಗಡಿಯವರಿಗೆ ಮಾತ್ರ ಕಾಣುವ ಒಂದು ಗುಂಡಿ ಒತ್ತುತ್ತಿದ್ದ, ದೀಪ ಹತ್ತುತ್ತಿತ್ತು. ಆರಿಸುವುದನ್ನು ಮಾತ್ರ ದಿನವೂ ಮರೆಯುತ್ತಿದ್ದ. ಅದಕ್ಕೇ ಸಂಜೆ ಏಳಕ್ಕೆ ತಾನಾಗಿ ಆರುವಂತೆ ಮಾಡಿಟ್ಟ. ಹಾಗೇ ಬೆಳಗ್ಗೆ ತಾನಾಗಿ ಹತ್ತುವಂತೆಯೂ ಮಾಡಬಹುದಲ್ಲ ಎಂದು ಹೆಂಡತಿ ಕೇಳಿದಾಗ, ನಾನು ಏಳುತ್ತೇನೋ ಇಲ್ಲವೋ ಅದಕ್ಕೆ ಹೇಗೆ ಗೊತ್ತಾಗಬೇಕು ಎಂದು ನಕ್ಕಿದ್ದ.

ಎರಡು ವರ್ಷದ ಹಿಂದೆ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಅದಕ್ಕಿಂತ ವಿಚಿತ್ರವೆಂದರೆ ಅಕ್ಷರವೂ ಹೋಯಿತು. ಎದುರಿಗೆ ಬರೆದದ್ದನ್ನು ಓದಲಾಗದು, ಎಡಗೈಯಲ್ಲಿ ಫೋನ್ ಕೊಟ್ಟರೆ ಒಂದು ಪದ ಒತ್ತಲಾಗದು. ತಲೆಯೊಳಗೆ ಎಲ್ಲ ಸರಿಯಾಗಿಯೇ ಇದೆ, ಬಾಗಿಲು ಮಾತ್ರ ಮುಚ್ಚಿದೆ ಎಂದರು ಡಾಕ್ಟರು. ಮಕ್ಕಳಿರಲಿಲ್ಲ. ಹೆಂಡತಿ ಅಂಗಡಿ ನೋಡಿಕೊಳ್ಳತೊಡಗಿದಳು. ಹೊತ್ತು ಹೋಗಲಿ ಎಂದು ಅವನ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಟ್ಯಾಬ್ ಇಟ್ಟು, ಅದೇ ಪುಟ ತೆರೆದಿಟ್ಟು ಹೋಗುತ್ತಿದ್ದಳು.

ಒಂದು ಬೆಳಗ್ಗೆ ಅಂಗಡಿಯಲ್ಲಿ ನೋಡುತ್ತಾಳೆ, ದೀಪ ಹತ್ತಿದೆ. ಅವಳು ಹಾಕಿರಲಿಲ್ಲ. ಗಲ್ಲಾಕ್ಕೆ ಬೀಗ ಜಡಿದು ಮನೆಗೆ ಓಡಿದರೆ, ಗಂಡ ದಿಂಬಿಗೆ ಒರಗಿ ಕೂತು, ಎಡಗೈ ಹೆಬ್ಬೆರಳನ್ನು ಗುಂಡಿಯ ಮೇಲೆ ಇನ್ನೂ ಇಟ್ಟುಕೊಂಡಿದ್ದ. ಮುಖದ ಎಡಭಾಗ ನಗುತ್ತಿತ್ತು.

ಅಂದಿನಿಂದ ಅದು ಅವನ ಕೆಲಸವಾಯಿತು, ಅವಳಿಗೆ ಸುದ್ದಿಯಾಯಿತು. ಪಾರ್ಸೆಲ್ ಗಾಡಿ ಬೇಗ ಬರುವುದರಿಂದ ಅವಳು ಏಳು ಗಂಟೆಗೇ ಮನೆ ಬಿಡಬೇಕು. ರಾತ್ರಿಯೆಲ್ಲ ಹೊರಳಾಡುವ ಅವನಿಗೆ ನಿದ್ದೆ ಹತ್ತುವುದೇ ಬೆಳಗಿನ ಜಾವ; ಏಳುವುದು ಒಂಬತ್ತಕ್ಕೋ, ಅದಕ್ಕೂ ತಡವಾಗಿಯೋ. ಎದ್ದ ಕೂಡಲೇ ದೀಪ ಹಾಕುತ್ತಿದ್ದ. ಅದನ್ನು ನೋಡಿದ ಮೇಲೆಯೇ ಅವಳು ಫ್ಲಾಸ್ಕ್ ಬಿಚ್ಚಿ ಚಹಾ ಕುಡಿಯುತ್ತಿದ್ದದ್ದು. ಗಂಟೆ ಹತ್ತಾದರೂ ದೀಪ ಬರದಿದ್ದರೆ ಶಟರ್ ಅರ್ಧಕ್ಕೆ ಎಳೆದು ಮನೆಗೆ ಹೋಗುತ್ತಿದ್ದಳು. ಹಾಗೆ ಹೋಗಬೇಕಾಗಿ ಬಂದದ್ದು ಎರಡೇ ಸಲ. ಮೊದಲ ಸಲ ಅವನು ಗೊರಕೆ ಹೊಡೆಯುತ್ತಿದ್ದ. ಎರಡನೆಯ ಸಲ ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲೆ ಬಿದ್ದಿದ್ದ. ಬೇಗ ಬಂದದ್ದು ಒಳ್ಳೆಯದಾಯಿತು ಎಂದಿದ್ದರು ಡಾಕ್ಟರು.

ಇದು ಗುಟ್ಟೇನಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗಂಡಹೆಂಡಿರ ನಡುವಿನ ಇಂಥ ಸಣ್ಣ ಏರ್ಪಾಟುಗಳನ್ನು ಯಾರೂ ಊರೆಲ್ಲ ಹೇಳಿಕೊಂಡು ತಿರುಗುವುದಿಲ್ಲ.

ಸೈಟನ್ನು ಸರಿಪಡಿಸಲು ಬಂದವಳು ಅವನ ಒಬ್ಬಳೇ ತಂಗಿ. ಬೇರೆ ಊರಿನಲ್ಲಿ ಅವಳ ಉದ್ಯೋಗವೇ ಅದು: ಜನ ಎಲ್ಲಿ ತಡವರಿಸುತ್ತಾರೆ, ಏನು ಕಾಣದೆ ವಾಪಸ್ ಹೋಗುತ್ತಾರೆ ಎಂದು ನೋಡಿ, ಸೈಟುಗಳನ್ನು ಬಳಸಲು ಸುಲಭವಾಗುವಂತೆ ಮಾಡುವುದು. ಅಣ್ಣನಿಗೆ ತಾನು ಮಾಡಬಹುದಾದದ್ದು ಬೇರೇನೂ ಇಲ್ಲ, ಇದೊಂದನ್ನಾದರೂ ಮಾಡುತ್ತೇನೆ ಎಂದು ಒಂದು ವಾರ ರಜೆ ಹಾಕಿ ಬಂದಳು. ಸೈಟ್ ನಿಜಕ್ಕೂ ಕೆಟ್ಟಿತ್ತು. ಅಕ್ಷರ ಇರುವೆಯಷ್ಟು, ಫೋಟೋಗಳು ಕತ್ತಲೆ, ಹುಡುಕಿದ್ದು ಸಿಗುತ್ತಿರಲಿಲ್ಲ. ಆರ್ಡರ್‌ಗಳು ಕರಗುತ್ತಾ ಬಂದಿದ್ದವು.

ಅವಳದು ಅಚ್ಚುಕಟ್ಟಿನ ಕೆಲಸ. ಯಾರಾದರೂ ಗಿರಾಕಿಯನ್ನು ಸೈಟಿನ ಮುಂದೆ ಕೂರಿಸಿ, ಒಂದು ವಸ್ತು ಹುಡುಕಲು ಹೇಳಿ, ತಾನು ಹಿಂದೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದಳು. ಎಷ್ಟೇ ಒದ್ದಾಡಿದರೂ ಸಹಾಯ ಮಾಡುವಂತಿಲ್ಲ. ಸಹಾಯ ಮಾಡಿದರೆ ತಪ್ಪು ಎಲ್ಲಿದೆ ಎಂದು ತಿಳಿಯುವುದಿಲ್ಲ. ಎದುರು ಸಾಲಿನಲ್ಲಿ ರವಿಕೆ ಹೊಲಿಯುವ ಟೈಲರಕ್ಕನನ್ನು ಹೀಗೆ ಕೂರಿಸಿ, ದಪ್ಪ ಬಟ್ಟೆಯ ಸೂಜಿ ಹುಡುಕಲು ಹೇಳಿದಳು. ಟೈಲರಕ್ಕ ಕನ್ನಡಕ ಏರಿಸಿ ಇಳಿಸಿ, ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಕೊನೆಗೆ ಎಣ್ಣೆಡಬ್ಬಿಯ ಪುಟದಲ್ಲಿ ಸಿಕ್ಕಿಬಿದ್ದಳು.

“ಈ ವಯಸ್ಸಲ್ಲಿ ನನ್ನನ್ನ ಪರೀಕ್ಷೆಗೆ ಕೂರಿಸ್ತೀಯಲ್ಲೇ.”

“ಪರೀಕ್ಷೆ ನಿಮಗಲ್ಲ ಅಕ್ಕ, ಸೈಟಿಗೆ.”

“ಹಂಗಾದ್ರೆ ಅದು ಫೇಲು. ಮುಂದಿನ ವರ್ಷ ಬರಕ್ಕೆ ಹೇಳು,” ಎಂದು ಟೈಲರಕ್ಕ ಎದ್ದು, ಕಪಾಟಿನಿಂದ ಸೂಜಿ ತಾನೇ ತೆಗೆದುಕೊಂಡು ಹೋದಳು.

ಅತ್ತಿಗೆಯನ್ನೂ ತಂಗಿ ಕ್ರಮವಾಗಿ ಕೇಳಿದಳು. ಬೆಳಗ್ಗೆ ಅಂಗಡಿಗೆ ಬಂದು ಮೊದಲು ಏನು ಮಾಡುತ್ತೀರಿ ಎಂದಾಗ, ಕಂಪ್ಯೂಟರ್ ಹಾಕಿ ಸೈಟ್ ನೋಡುತ್ತೇನೆ ಎಂದಳು ಅತ್ತಿಗೆ. ಯಾಕೆ ನೋಡುತ್ತೀರಿ ಎಂದು ತಂಗಿ ಕೇಳಲಿಲ್ಲ. ಬೇರೆ ಯಾವ ಅಂಗಡಿಯವರು ಹೇಳಿದ್ದರೂ ಆ ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. ಇವರು ಮನೆಯವರು, ಆರ್ಡರ್ ನೋಡುವುದಕ್ಕಲ್ಲದೆ ಇನ್ನೇನು ಎಂದುಕೊಂಡಳು.

ದೀಪ ಅವಳ ಕಣ್ಣಿಗೆ ಬಿದ್ದದ್ದು ಒಂದು ದೂರಿನಿಂದ. ರಜೆ ದಿನ ದೀಪ ಹತ್ತಿತ್ತು, ನಂಬಿಕೊಂಡು ಬಂದರೆ ಅಂಗಡಿ ಮುಚ್ಚಿತ್ತು ಎಂದು ಒಬ್ಬ ಗಿರಾಕಿ ಸಿಟ್ಟಾಗಿದ್ದ. ಹೌದು, ರಜೆ ದಿನವೂ ಅಣ್ಣ ದೀಪ ಹಾಕುತ್ತಿದ್ದ, ಹೆಂಡತಿ ಪಕ್ಕದಲ್ಲೇ ಕೂತಿದ್ದಾಗ, ತಮಾಷೆಗೆ. ಉಳಿದ ದಿನಗಳಲ್ಲಿ ಅಂಗಡಿ ತೆರೆದು ಎಷ್ಟೋ ಹೊತ್ತಾದ ಮೇಲೆ ಹತ್ತುತ್ತಿತ್ತು. ಇದೇಕೆ ಹೀಗೆ ಎಂದು ತಂಗಿ ಕೇಳಿದಳು.

“ಅದು ನಿಮ್ಮಣ್ಣನ ಕೆಲಸ ಪುಟ್ಟಿ. ಎದ್ದಾಗ ಹಾಕ್ತಾರೆ,” ಎಂದಳು ಅತ್ತಿಗೆ ಸಣ್ಣಗೆ ನಗುತ್ತಾ. ಅಷ್ಟರಲ್ಲಿ ಯಾರೋ ಬೆಲ್ಟ್ ಕೇಳಿಕೊಂಡು ಬಂದರು. ಅವಳು ಅಳತೆಗೆ ಕತ್ತರಿಸಲು ಎದ್ದಳು.

ಮರುದಿನ ಬೆಳಗ್ಗೆ ತಂಗಿ ಅಣ್ಣನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಅಣ್ಣ ಎದ್ದ. ಎಡ ಮೊಣಕೈ ಊರಿ ಮೇಲೆದ್ದು, ಮೈಯೆಲ್ಲ ವಾಲಿಸಿ, ತುಟಿ ಕಚ್ಚಿಕೊಂಡು ಟ್ಯಾಬಿನತ್ತ ಅದೇ ಕೈ ಚಾಚಿದ. ಒಂದು ಸಲಕ್ಕೆ ಎಟುಕಲಿಲ್ಲ. ಮತ್ತೆ ಚಾಚಿದ. ಗುಂಡಿ ಒತ್ತಿ ದಿಂಬಿಗೆ ಬಿದ್ದಾಗ ಏದುಸಿರು ಬಿಡುತ್ತಿದ್ದ. ಇಂಥ ಸ್ಥಿತಿಯಲ್ಲೂ ಅಂಗಡಿಯ ಚಾಕರಿ ಬಿಡಲಿಲ್ಲವಲ್ಲ ಎಂದು ಅವಳ ಕಣ್ಣು ತುಂಬಿತು. ಯಂತ್ರ ಮಾಡಬಹುದಾದದ್ದನ್ನು ಮನುಷ್ಯನಿಂದ ಮಾಡಿಸಬಾರದು ಎಂಬುದು ಅವಳ ಕಸುಬಿನ ಮೊದಲ ಪಾಠ.

ತನ್ನೂರಿಗೆ ಮರಳಿ ಅವಳು ಹೊಸ ಸೈಟ್ ಸಿದ್ಧಪಡಿಸಿದಳು. ದೊಡ್ಡ ಅಕ್ಷರ, ಬಿಳಿ ಹಿನ್ನೆಲೆಯಲ್ಲಿ ತೆಗೆದ ಸ್ಪಷ್ಟ ಫೋಟೋ, ಯಂತ್ರದ ಹೆಸರು ಒತ್ತಿದರೆ ಅದಕ್ಕೆ ಹೊಂದುವ ಭಾಗಗಳೆಲ್ಲ ಒಂದೇ ಕಡೆ. ಕೆಲಸದ ದಿನಗಳಲ್ಲಿ ಬೆಳಗ್ಗೆ ಎಂಟಕ್ಕೆ ದೀಪ ತಾನೇ ಹತ್ತುವಂತೆ, ರಜೆ ದಿನ ಹತ್ತದಂತೆ ಮಾಡಿದಳು. ಗುಂಡಿ ಬೇಕಿಲ್ಲವಾದ್ದರಿಂದ ಅದನ್ನು ತೆಗೆದು, ಆ ಜಾಗಕ್ಕೆ ಹೊಸ ಬಾಬಿನ್ ಕೇಸಿನ ಫೋಟೋ ಬರುವಂತೆ ಪುಟ ಜೋಡಿಸಿದಳು. ಬದಲಾವಣೆಗಳನ್ನೆಲ್ಲ ಫೋನಿನಲ್ಲಿ ಅತ್ತಿಗೆಗೆ ಸಾವಧಾನವಾಗಿ ವಿವರಿಸಿದಳು. ದೀಪದ ಮಾತು ಎತ್ತಲಿಲ್ಲ. ಹೇಳುವಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ.

ಹೊಸ ಸೈಟ್ ಬಂದ ಮೊದಲ ದಿನ ಎಂಟಕ್ಕೇ ದೀಪ ಕಂಡು ಅತ್ತಿಗೆ ಬೆರಗಾದಳು. ಡಾಕ್ಟರು ಆ ವಾರವಷ್ಟೇ ರಾತ್ರಿಯ ಗುಳಿಗೆ ಬದಲಿಸಿದ್ದರು. ಮರುದಿನವೂ ಎಂಟಕ್ಕೇ ಹತ್ತಿತು. ಗುಳಿಗೆ ಹಿಡಿಯಿತು, ಮನುಷ್ಯ ರಾತ್ರಿ ನಿದ್ದೆ ಮಾಡಿ ಹೊತ್ತಿಗೆ ಸರಿಯಾಗಿ ಏಳುತ್ತಿದ್ದಾನೆ ಎಂದು ಅವಳಿಗೆ ಜೀವ ಹಗುರವಾಯಿತು. ಫ್ಲಾಸ್ಕ್ ಈಗ ಬೇಗನೆ ಬಿಚ್ಚುತ್ತಿದ್ದಳು. ಟೈಲರಕ್ಕನನ್ನು ಕರೆದು ಅರ್ಧ ಲೋಟ ಅವಳಿಗೂ ಕೊಟ್ಟು, ಇವರು ಸುಧಾರಿಸ್ತಿದಾರೆ ಕಣೇ ಎಂದಳು. ಆರ್ಡರ್‌ಗಳೂ ಏರಿದವು. ಕಟ್ಟಿ ಕಳಿಸಲು ಕೈ ಸಾಲುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಹೋದಾಗ ಗಂಡ ಮುಖ ಊದಿಸಿಕೊಂಡಿರುತ್ತಿದ್ದದ್ದು ಮಾತ್ರ ಅವಳಿಗೆ ಅರ್ಥವಾಗಲಿಲ್ಲ.

ರಜೆ ದಿನ ಅವನು ಟ್ಯಾಬನ್ನು ಎಡಗೈಯಿಂದ ಅವಳ ಮಡಿಲಿಗೆ ತಳ್ಳಿದ. ಹೆಬ್ಬೆರಳಿನಿಂದ ಒಂದು ಜಾಗವನ್ನು ಒತ್ತಿದ. ಅವಳ ಮುಖ ನೋಡಿದ. ಮತ್ತೆ ಒತ್ತಿದ. ಅವಳು ಕನ್ನಡಕ ಹಾಕಿಕೊಂಡು ಬಾಗಿ ನೋಡಿದರೆ ಅಲ್ಲಿ ಬಾಬಿನ್ ಕೇಸಿನ ಫೋಟೋ ಇತ್ತು.

“ಚೆನ್ನಾಗಿ ಬಂದಿದೆ ಅಲ್ವಾ? ನಿಮ್ಮ ತಂಗಿ ಕೈಗುಣ,” ಎಂದಳು.

ಅವನು ಟ್ಯಾಬಿನ ಮೇಲೆ ಮುಷ್ಟಿಯಿಂದ ಗುದ್ದಿದ. ಗಂಟಲಿನಿಂದ ಏನೋ ಶಬ್ದ ಬಂತು. ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ತಾನು ಕೈಯಾರೆ ಕಟ್ಟಿದ್ದನ್ನು ಬದಲಿಸಿಬಿಟ್ಟರಲ್ಲ ಎಂದು ನೊಂದುಕೊಂಡಿದ್ದಾರೆ ಎಂದು ಅವಳು ತಿಳಿದಳು. ಅಂದು ಸಂಜೆ ನಾದಿನಿಗೆ ಫೋನ್ ಮಾಡಿ, ನಿಮ್ಮಣ್ಣ ನಿನ್ನ ಮೇಲೆ ಟೂ ಬಿಟ್ಟಿದ್ದಾರೆ, ಅವರ ಸೈಟ್ ಮುಟ್ಟಿದ್ದಕ್ಕೆ ಎಂದಳು. ಚಿಕ್ಕಂದಿನಲ್ಲೂ ಅವನ ಪೆನ್ಸಿಲ್ ಮುಟ್ಟಿದರೆ ಹೀಗೇ ಮಾಡುತ್ತಿದ್ದ ಎಂದಳು ತಂಗಿ. ಇಬ್ಬರೂ ನಕ್ಕರು.

ತಂಗಿ ಹೊಸ ಸೈಟಿನಲ್ಲಿ ಒಂದು ಎಣಿಕೆಯನ್ನೂ ಇಟ್ಟಿದ್ದಳು. ಬಂದವರು ಪರದೆಯ ಮೇಲೆ ಎಲ್ಲೆಲ್ಲಿ ಒತ್ತುತ್ತಾರೆ ಎಂಬುದು ಅದರಲ್ಲಿ ದಾಖಲಾಗುತ್ತಿತ್ತು. ಏನೂ ಆಗದ ಕಡೆ ಜನ ಒತ್ತುತ್ತಿದ್ದರೆ ಅಲ್ಲಿ ಏನೋ ಇರಬೇಕೆಂದು ಅವರು ನಿರೀಕ್ಷಿಸುತ್ತಿದ್ದಾರೆ ಎಂದು ಅರ್ಥ, ಅದನ್ನು ಸರಿಪಡಿಸಬೇಕು. ಎರಡನೆಯ ವಾರ ಅದನ್ನು ತೆರೆದಾಗ, ಬಾಬಿನ್ ಕೇಸಿನ ಫೋಟೋದ ಮೇಲೆ ದಟ್ಟವಾದ ಕೆಂಪು ಮಚ್ಚೆಯೊಂದು ಕಂಡಿತು. ಎಲ್ಲ ಒತ್ತುಗಳೂ ಒಂದೇ ಸಾಧನದಿಂದ, ಬೆಳಗಿನ ಹೊತ್ತು. ಯಾರದೋ ಪರದೆ ಕೆಟ್ಟಿರಬೇಕು, ಇಲ್ಲವೇ ಯಾವುದೋ ಮಗು ಆಡುತ್ತಿರಬೇಕು ಎಂದು, ಲೆಕ್ಕ ಹಾಳಾಗದಿರಲೆಂದು ಆ ಒಂದು ಸಾಧನವನ್ನು ಎಣಿಕೆಯಿಂದ ಬದಿಗೆ ಸರಿಸಿಟ್ಟಳು. ಮಚ್ಚೆ ಮಾಯವಾಯಿತು. ಉಳಿದ ಚಿತ್ರ ಅಚ್ಚುಕಟ್ಟಾಗಿತ್ತು.

ಆ ದಿನವೂ ದೀಪ ಎಂಟಕ್ಕೆ ಹತ್ತಿತು. ಅತ್ತಿಗೆ ಚಹಾ ಕುಡಿದಳು. ಪಾರ್ಸೆಲ್‌ಗಳಿಗೆ ಅಂಟುಪಟ್ಟಿ ಹಚ್ಚಿದಳು. ಟೈಲರಕ್ಕನ ಯಂತ್ರದ ಬೆಲ್ಟ್ ಬದಲಿಸಿಕೊಟ್ಟಳು. ಊಟದ ಹೊತ್ತಿಗೆ ಮನೆಗೆ ಹೋದಾಗ ಗಂಡ ಮಂಚದ ಪಕ್ಕದಲ್ಲಿ ನೆಲದ ಮೇಲಿದ್ದ. ಮೈ ತಣ್ಣಗಾಗಿತ್ತು. ಟ್ಯಾಬ್ ಮೇಜಿನ ಮೇಲೆ ತನ್ನ ಜಾಗದಲ್ಲೇ ಇತ್ತು.

ಡಾಕ್ಟರು ನೋಡಿ, ಬೆಳಗ್ಗೆ ಬೇಗನೆ ಆಗಿರಬೇಕು ಎಂದರು. ಬಿದ್ದ ಮೇಲೆ ಎಷ್ಟು ಹೊತ್ತು ಜೀವ ಇತ್ತು ಎಂದು ಹೇಳಲು ಸಾಧ್ಯವಿಲ್ಲ ಎಂದರು. ಆಗಲೇ ಯಾರಾದರೂ ನೋಡಿದ್ದರೆ ಉಳಿಯುತ್ತಿದ್ದನೇ ಎಂಬ ಪ್ರಶ್ನೆಗೂ ಅವರದು ಅದೇ ಉತ್ತರ.

ತಂಗಿ ಸಂಜೆ ಬಂದಳು. ಮರುದಿನ ಬೆಳಗ್ಗೆ ಎಲ್ಲ ಮುಗಿಯಿತು. ಬಂದುಹೋಗುವವರಿಗೆಲ್ಲ ಅತ್ತಿಗೆ ಒಂದೇ ಮಾತು ಹೇಳುತ್ತಿದ್ದಳು: ನನಗೆ ಹೇಳಿಯೇ ಹೋದರು. ಅರ್ಥವಾಗದೆ ಮುಖ ನೋಡಿದವರಿಗೆ ದೀಪದ ಕತೆ ಹೇಳುತ್ತಿದ್ದಳು. ಎರಡು ವರ್ಷ ಹೇಗೆ ದಿನವೂ ಎದ್ದ ಸುದ್ದಿ ಕೊಡುತ್ತಿದ್ದರು, ತಾನು ಹೇಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆ, ಹತ್ತು ಗಂಟೆಯಾದರೂ ಬರದಿದ್ದರೆ ಹೇಗೆ ಮನೆಗೆ ಓಡುತ್ತಿದ್ದೆ, ಆ ದಿನವೂ ಎಂಟಕ್ಕೆ ಹೇಗೆ ದೀಪ ಹಾಕಿದರು ಎಂದು. ಟೈಲರಕ್ಕನಿಗೆ ಅದನ್ನು ಹೇಳುತ್ತಿದ್ದಾಗ ತಂಗಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಂಬಿಗೆಯನ್ನು ಎಲ್ಲಿ ಇಡಬೇಕೆಂದು ತೋಚಲಿಲ್ಲ. ಅದನ್ನು ಹಿಡಿದುಕೊಂಡೇ ಅಣ್ಣನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಟ್ಯಾಬನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಗಾಜಿಗೆ ಗೀರು ಬೀಳದಂತೆ ಅಂಟಿಸಿದ ಹಾಳೆ ಒಂದು ಕಡೆ, ಒಂದೇ ಕಡೆ, ಸವೆದು ಮಂಕಾಗಿತ್ತು. ಹೆಬ್ಬೆರಳಿನಷ್ಟಗಲ. ಅದರ ಕೆಳಗೆ ಅವಳ ಬಾಬಿನ್ ಕೇಸ್ ಹೊಳೆಯುತ್ತಿತ್ತು.

ತಾನು ಬದಿಗೆ ಸರಿಸಿಟ್ಟಿದ್ದ ಸಾಧನದ ದಾಖಲೆಯನ್ನು ಹೊರತೆಗೆದಳು. ಹೊಸ ಸೈಟ್ ಬಂದ ಮೊದಲ ದಿನದಿಂದ ಒಂದು ಬೆಳಗೂ ತಪ್ಪಿರಲಿಲ್ಲ. ಕೆಲವು ದಿನ ಐದಾರು ಸಲ, ಕೆಲವು ದಿನ ಎಣಿಸಲಾರದಷ್ಟು. ಸಾವಿನ ಹಿಂದಿನ ದಿನವೂ ಇತ್ತು. ಸಾವಿನ ದಿನ ಏನೂ ಇರಲಿಲ್ಲ.

ಹಳೆಯ ಪುಟದ ಪ್ರತಿ ಅವಳ ಬಳಿ ಇತ್ತು. ಎಂಟಕ್ಕೆ ತಾನೇ ಹತ್ತುವುದನ್ನು ತೆಗೆದು, ಗುಂಡಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟಳು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಾರಿಗೂ ಹೇಳದೆ ಹೀಗೇ ಬಿಟ್ಟುಬಿಡುವುದು ಎಂದು ಆಗ ನಿರ್ಧರಿಸಿದಳು. ದೀಪ ನಾಳೆಯಿಂದ ಹತ್ತುವುದಿಲ್ಲ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ‘ಹೇಳಿಯೇ ಹೋದರು’ ಎಂಬ ಆ ಒಂದು ಮಾತಾದರೂ ಅತ್ತಿಗೆಯ ಪಾಲಿಗೆ ಉಳಿಯಲಿ.

ಮಾರನೆಯ ಬೆಳಗ್ಗೆ ಇಬ್ಬರೂ ಅಣ್ಣನ ಕೋಣೆಯಲ್ಲಿ ಕೂತಿದ್ದರು. ಹಾಸಿಗೆ ಸುತ್ತಿಟ್ಟಿದ್ದರಿಂದ ಮಂಚದ ಹಲಗೆ ಕಾಣುತ್ತಿತ್ತು. ಅಂಗಡಿ ಮುಚ್ಚಿದೆ ಎಂದು ಸೈಟಿನಲ್ಲಿ ಹಾಕಬೇಕಲ್ಲ ಎಂದು ಅತ್ತಿಗೆಯೇ ಟ್ಯಾಬ್ ತೆಗೆದುಕೊಂಡಳು. ಎಂಟು ದಾಟಿತ್ತು. ದೀಪದ ಜಾಗ ಬೂದಾಗಿತ್ತು. ಅವಳು ಅದನ್ನೇ ನೋಡುತ್ತಾ ಕೂತಳು.

“ಒಂದು ಮಾತು ಹೇಳ್ಲಾ ಪುಟ್ಟಿ? ಬಂದೋರ ಮುಂದೆಲ್ಲ ಹೇಳಿಯೇ ಹೋದರು ಅಂತೀನಿ. ಒಳಗೆ ಬೇರೆ ಅನ್ಸತ್ತೆ. ದೀಪ ಹಾಕಕ್ಕೆ ಅಂತ ವಾಲಿದಾರೆ. ಹಾಕಿದಾರೆ, ಬಿದ್ದಿದಾರೆ. ಅವರಿಗೆ ಆ ಕೆಲಸ ಹಚ್ಚಿದ್ದು ನಾನು. ಸುಮ್ಮನೆ ಮಲಗಿಸಿದ್ರೆ ಮಲಗಿರ್ತಿದ್ರು.”

ಅತ್ತಿಗೆ ಟ್ಯಾಬಿನ ಗಾಜನ್ನು ಸೆರಗಿನಿಂದ ಒರೆಸಿದಳು.

“ನನಗೆ ನೆಮ್ಮದಿಯಾಗಿ ಚಹಾ ಕುಡೀಬೇಕಾಗಿತ್ತು ನೋಡು, ಅದಕ್ಕೆ.”

ಹಿಂದಿನ ಸಂಜೆಯ ನಿರ್ಧಾರ ಅಲ್ಲಿಗೆ ಕುಸಿಯಿತು. ತಾನು ಉಳಿಸಿಕೊಡುತ್ತಿದ್ದದ್ದು ಸಮಾಧಾನವನ್ನಲ್ಲ. ತನ್ನ ತಪ್ಪನ್ನು ಅತ್ತಿಗೆಯ ತಲೆಗೆ ಕಟ್ಟಿ ಮನೆಗೆ ಹೊರಟಿದ್ದಳು, ಅಷ್ಟೆ.

“ಅತ್ತಿಗೆ, ಮೊನ್ನೆ ದೀಪ ಹಾಕಿದ್ದು ಅಣ್ಣ ಅಲ್ಲ.”

ಅತ್ತಿಗೆ ತಲೆ ಎತ್ತಿದಳು.

ತಂಗಿ ಎಲ್ಲವನ್ನೂ ಹೇಳಿದಳು. ಎಂಟಕ್ಕೆ ತಾನೇ ಹತ್ತುವಂತೆ ಮಾಡಿದ್ದನ್ನು, ಗುಂಡಿ ತೆಗೆದದ್ದನ್ನು, ಯಾಕೆ ಮಾಡಿದೆ ಎಂಬುದನ್ನು, ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಬಿಟ್ಟದ್ದನ್ನು. ಯಾವುದನ್ನೂ ಮೆತ್ತಗೆ ಮಾಡಿ ಹೇಳಲಿಲ್ಲ. ದೀಪ ಬರದಿದ್ದರೆ ನೀವು ಹತ್ತು ಗಂಟೆಗೇ ಮನೆಗೆ ಬರುತ್ತಿದ್ದಿರಿ ಎಂಬುದನ್ನೂ ತಾನೇ ಹೇಳಿದಳು, ಅತ್ತಿಗೆ ಅದನ್ನು ಹೇಳಬೇಕಾಗಿ ಬಾರದಿರಲಿ ಎಂದು.

ಬೀದಿಯಲ್ಲಿ ಯಾರೋ ಶಟರ್ ಎತ್ತಿದ ಸದ್ದು ಕೇಳಿತು. ಅತ್ತಿಗೆ ಬೈಯಲಿಲ್ಲ, ಅಳಲಿಲ್ಲ. ಅವಳ ಮನಸ್ಸು ಬೇರೆಲ್ಲೋ ಹಿಂದಕ್ಕೆ ಹೋಗಿತ್ತು.

“ಹಾಗಾದ್ರೆ ಅವತ್ತು ರಜೆ ದಿನ,” ಎಂದಳು ನಿಧಾನವಾಗಿ, “ನನ್ನ ಮಡಿಲಿಗೆ ತಳ್ಳಿದ್ರಲ್ಲ. ಗುಂಡಿ ಇಲ್ಲ ಅಂತ ತೋರಿಸ್ತಿದ್ರು.”

“ಹೌದು ಅತ್ತಿಗೆ.”

“ನಾನು ಫೋಟೋ ಚೆನ್ನಾಗಿದೆ ಅಂದೆ.”

ತಂಗಿ ಅವಳ ಕೈ ಹಿಡಿಯಲು ಹೋಗಿ, ಹಿಡಿಯಲು ತನಗೆ ಅಧಿಕಾರ ಇದೆಯೋ ಇಲ್ಲವೋ ತಿಳಿಯದೆ ಹಲಗೆಯ ಮೇಲೆ ಕೈ ಊರಿಕೊಂಡಳು. ಅತ್ತಿಗೆ ಟ್ಯಾಬನ್ನು ಓರೆ ಮಾಡಿ, ಗಾಜಿನ ಮೇಲಿನ ಸವೆದ ಜಾಗವನ್ನು ಬೆರಳಿನಿಂದ ಸವರಿದಳು. ಅದರ ಕೆಳಗೆ ಗುಂಡಿ ಮತ್ತೆ ಬಂದಿತ್ತು. ಅವಳು ಒತ್ತಲಿಲ್ಲ.

“ಆಮೇಲೂ ಒತ್ತುತಿದ್ರಾ? ಏನೂ ಆಗಲ್ಲ ಅಂತ ಗೊತ್ತಾದ ಮೇಲೂ?”

ಎಷ್ಟು ದಿನ, ಎಷ್ಟು ಸಲ, ಯಾವ ಹೊತ್ತಿಗೆ, ಎಲ್ಲ ಲೆಕ್ಕವೂ ತಂಗಿಯ ಬಳಿ ಇತ್ತು.

“ದಿನಾ,” ಎಂದಳು. “ದಿನಾ ಒತ್ತಿದಾನೆ ಅತ್ತಿಗೆ.”